ಕಲ್ಲಿನ ನಾಡಿನಲ್ಲಿ ಕಡಲಿನ ರುಚಿ

ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ–ಚೆನ್ನೈ ರೈಲುಹಾದಿಯಿಂದ ಹೈದರಾಬಾದಿನ ಕವಲು ಒಡೆಯುತ್ತದೆ. 1874ರಲ್ಲಿ ಆ ಕವಲು ತೆರೆದಂದಿನಿಂದ ನಾನಾ ಸೀಮೆಯ ಜನ ಇಲ್ಲಿ ಬಂದಿಳಿಯುತ್ತಾರೆ. ಸಿಮೆಂಟ್ ಕಾರ್ಖಾನೆಯ ಉದ್ಯೋಗಕ್ಕೆಂದು ಕರಾವಳಿಯಿಂದ ಬಂದ ಸಂಸಾರಕ್ಕೆ ಮೊದಲು ತಟ್ಟುವ ಕೊರತೆ ಬಂಗುಡೆಯದು. ಕಡಲು ನೂರಾರು ಮೈಲಿ ದೂರ. ಊರಿನಿಂದ ತಂದ ಒಣಮೀನು ತೀರಿದ ಮೇಲೆ ಗೃಹಿಣಿ ಹೊಳೆಯ ಮೀನಿಗೆ ಒಗ್ಗಲೇಬೇಕು.

ಹೊಳೆಗೆ ಇಲ್ಲಿ ಬರವಿಲ್ಲ. ಚಿಂಚೋಳಿಯ ಕಡೆ ಮುಲ್ಲಾಮಾರಿ ಹರಿಯುತ್ತದೆ. ಸೇಡಂ ತಾಲ್ಲೂಕಿನಲ್ಲಿ ರಾಷ್ಟ್ರಕೂಟರ ಮಳಖೇಡವನ್ನು ಬಳಸಿ ಬರುವ ಕಾಗಿಣಾ, ಚಿತ್ತಾಪುರದ ಸೀಮೆಯನ್ನು ದಾಟಿ ಭೀಮೆಯನ್ನು ಸೇರುತ್ತದೆ. ಸಿಹಿನೀರಿನ ರೋಹು, ಕಟ್ಲಾಗಳಲ್ಲಿ ಕಡಲಿನ ಸೊಗಡಿಲ್ಲ. ರುಬ್ಬಿದ ತೆಂಗಿನಕಾಯಿಗೆ ಬದಲು ಹುಣಸೆ, ಬೆಳ್ಳುಳ್ಳಿ, ಕೆಂಪುಖಾರ. ಕುಚ್ಚಲಕ್ಕಿಯ ಅನ್ನಕ್ಕೆ ಬದಲು ಬಿಸಿ ಜೋಳದ ರೊಟ್ಟಿ. ಖಾನಾವಳಿಯಲ್ಲಿ ಮುಖ ಸಿಂಡರಿಸಿದ ಮಕ್ಕಳೇ ಕೆಲಕಾಲದಲ್ಲಿ ಮನೆಯಲ್ಲಿಯೂ ಅದನ್ನೇ ಬೇಡುತ್ತಾರೆ. ತಾಯಿಗೆ ಅದು ಸಂತೋಷವೂ ಹೌದು, ಸಣ್ಣ ವ್ಯಥೆಯೂ ಹೌದು.

ಆದರೂ ಸಮಾಧಾನಕ್ಕೊಂದು ಮಾತುಂಟು. ಅಡಿಗೆಮನೆಯ ನೆಲಕ್ಕೆ ಹಾಸಿದ ಶಹಾಬಾದಿ ಕಲ್ಲು, ಕಾರ್ಖಾನೆಗೆ ಸಾಗುವ ಸುಣ್ಣಕಲ್ಲು, ಇವೆರಡೂ ಜಗತ್ತಿನಲ್ಲಿ ಮೀನುಗಳು ಹುಟ್ಟುವುದಕ್ಕೂ ಮುಂಚೆ ಇಲ್ಲಿದ್ದ ಆಳವಿಲ್ಲದ ಕಡಲಿನಲ್ಲಿ ಪದರಪದರವಾಗಿ ಕೂಡಿದವು. ಕಡಲನ್ನು ಬಿಟ್ಟು ಬಂದವರು ಊಟಕ್ಕೆ ಕುಳಿತುಕೊಳ್ಳುವುದು ಕಡಲಿನ ತಳದ ಮೇಲೆಯೇ!