ಕ್ಷಮೆ ಸಿಕ್ಕಿತು, ಜೊತೆಗೆ ಒಂದು ಕೆಲಸವೂ ಸಿಕ್ಕಿತು

ನಾಲ್ಕು ವರ್ಷದ ಹಿಂದಿನ ಮಾತು. ಸಂಜೆ ಐದೂಮುಕ್ಕಾಲು ಇರಬಹುದು. ಕನಕಪುರ ಬಸ್ ಸ್ಟ್ಯಾಂಡಿನ ಪಕ್ಕ ಬೈಕ್ ನಿಲ್ಲಿಸಿ, ಅದರ ಮೇಲೇ ಕೂತು, ಮೊಬೈಲಿನಲ್ಲಿ ಒಂದು ಸುದ್ದಿ ಟೈಪ್ ಮಾಡಿ ಡೆಸ್ಕಿಗೆ ಕಳಿಸಿದೆ. ಒಂದು ಚಾಕಿ ಕೇಂದ್ರದವರು ರೋಗದ ಹುಳು ಮಾರಿದ್ದಾರೆ, ಮೂರು ಮನೆಯ ಬೆಳೆ ಹಾಳಾಗಿದೆ, ರೈತರು ಕಂಗಾಲಾಗಿದ್ದಾರೆ ಅನ್ನೋದು ಸುದ್ದಿ. ಮಾರನೇ ದಿನ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಬಂತು. ನನಗೆ ಖುಷಿಯೋ ಖುಷಿ.

ಆ ಸುದ್ದಿ ಸುಳ್ಳಾಗಿತ್ತು.

ನಮ್ಮ ಕಡೆ ರೇಷ್ಮೆ ಗೊತ್ತಿಲ್ಲದವರು ಕಡಿಮೆ. ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳ್ತೀನಿ. ಮೊಟ್ಟೆ ಒಡೆದ ಮರಿಹುಳು ತುಂಬಾ ಸೂಕ್ಷ್ಮ. ಅದನ್ನು ಎರಡನೇ ಜ್ವರ ಏಳುವವರೆಗೆ, ಅಂದರೆ ಸುಮಾರು ಒಂದು ವಾರ, ಚಾಕಿ ಕೇಂದ್ರದಲ್ಲಿ ಸಾಕಿ ಆಮೇಲೆ ರೈತರಿಗೆ ಕೊಡ್ತಾರೆ. ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಬರುತ್ತೆ. ಹಾಗಾಗಿ ಚಾಕಿ ಕೇಂದ್ರದ ಮೇಲೆ ಗಂಟುರೋಗದ ಮಾತು ಬಂತು ಅಂದರೆ ಆ ಮನುಷ್ಯನ ವ್ಯಾಪಾರ ಮುಗಿದಂತೆಯೇ. ನಂಬಿಕೆಯ ಮೇಲೆ ನಡೆಯುವ ಕಸುಬು ಅದು.

ನನಗೆ ಫೋನ್ ಮಾಡಿದವರು ಹುಳು ಕಳೆದುಕೊಂಡ ರೈತರು. ಅವರ ಸಂಕಟ ನಿಜ. ನಾಲ್ಕನೇ ಜ್ವರ ಎದ್ದು, ಇನ್ನೇನು ಚಂದ್ರಿಕೆಗೆ ಬಿಡಬೇಕು ಅನ್ನುವಾಗ ಹುಳುಗಳೆಲ್ಲ ಹಸಿರು ನೀರು ಕಕ್ಕಿ ಸತ್ತಿದ್ದವು. ನಾನು ಫೋಟೋ ತೆಗೆದೆ, ಅವರ ಮಾತು ಬರೆದುಕೊಂಡೆ. ಚಾಕಿ ಕೇಂದ್ರದವರಿಗೆ ಒಂದು ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಬೇರೆ ಪತ್ರಿಕೆಯವನಿಗೂ ವಿಷಯ ಗೊತ್ತಾಗಿದೆ ಅಂತ ಕೇಳಿದ್ದೆ, ಆರು ಗಂಟೆಯೊಳಗೆ ಕಳಿಸಬೇಕಿತ್ತು.

ಕೆಲವು ದಿನ ಬಿಟ್ಟು ನಿಜ ಗೊತ್ತಾಯಿತು. ಹುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಂಟುರೋಗ ಇರಲಿಲ್ಲ. ಆ ಮೂರೂ ಮನೆಯ ಹಿಪ್ಪುನೇರಳೆ ತೋಟ ಒಂದೇ ಟೊಮೆಟೊ ಹೊಲದ ಪಕ್ಕದಲ್ಲಿದ್ದವು. ಟೊಮೆಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತಿತ್ತು. ಅದೇ ಚಾಕಿಯಿಂದ ಅದೇ ದಿನ ಹುಳು ತಂದಿದ್ದ ಉಳಿದ ಮನೆಗಳಲ್ಲಿ ಬೆಳೆ ಚೆನ್ನಾಗಿಯೇ ಆಗಿ, ಗೂಡು ರಾಮನಗರ ಮಾರ್ಕೆಟ್ಟಿಗೂ ಹೋಗಿತ್ತು. ತೋಟದ ಬದುವಿನ ಮೇಲೆ ಹತ್ತು ಹೆಜ್ಜೆ ನಡೆದಿದ್ದರೆ ನನಗೇ ಗೊತ್ತಾಗುತ್ತಿತ್ತು.

ಗೊತ್ತಾದ ಮೇಲೂ ಸುಮ್ಮನಿದ್ದೆ. ಡೆಸ್ಕಿಗೆ ಹೇಳಲಿಲ್ಲ. ನನ್ನ ಸುದ್ದಿಯ ಕಟಿಂಗ್ ವಾಟ್ಸಾಪಿನಲ್ಲಿ ಮಾಗಡಿಯಿಂದ ಚನ್ನಪಟ್ಟಣದವರೆಗೆ ಓಡಾಡುತ್ತಲೇ ಇತ್ತು. ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ದಶಾಜ್ಞೆ ಬಾಯಿಪಾಠ ಮಾಡಿದ್ದೆ. ನೆರೆಯವನ ಮೇಲೆ ಸುಳ್ಳು ಸಾಕ್ಷಿ ನುಡಿಯಬಾರದು ಅನ್ನೋದು ಅದರಲ್ಲಿ ಎಂಟನೆಯದು. ಆ ವಯಸ್ಸಿನಲ್ಲಿ, ಸುಳ್ಳು ಸಾಕ್ಷಿ ಅಂದರೆ ಕೋರ್ಟಿಗೆ ಹೋಗುವವರ ಪಾಪ ಅಂದುಕೊಂಡಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕೂತು, ಮೊಬೈಲಿನಲ್ಲಿ ಹೆಬ್ಬೆರಳಿಂದಲೂ ಮಾಡಬಹುದು ಅಂತ ಗೊತ್ತಿರಲಿಲ್ಲ.

ಭಾನುವಾರ ಚರ್ಚಿಗೆ ಹೋಗುತ್ತಿದ್ದೆ, ಪ್ರಸಾದಕ್ಕೆ ಮಾತ್ರ ಏಳುತ್ತಿರಲಿಲ್ಲ. ಅವ್ವ ಗಮನಿಸಿದಳು. "ಯಾಕ್ಲಾ, ಮೂರು ವಾರದಿಂದ ಪ್ರಸಾದ ತಕೊಂಡಿಲ್ಲ?" ಅಂದಳು. ಹೊಟ್ಟೆ ಸರಿ ಇಲ್ಲ ಅಂದೆ. ಇನ್ನೊಂದು ಸುಳ್ಳು.

ತಪಸ್ಸು ಕಾಲ ಬಂತು. ಅವ್ವನ ತವರು ಹಾರೋಬೆಲೆ. ಕನಕಪುರ ತಾಲ್ಲೂಕಿನ ಹಳೆಯ ಕ್ರೈಸ್ತ ಊರು. ಹೊರಗಿನವರಿಗೆ ಹಾರೋಬೆಲೆ ಅಂದರೆ ಕಪಾಲಬೆಟ್ಟದ ಮೇಲಿನ ಪ್ರತಿಮೆಯ ಗಲಾಟೆ ನೆನಪಾಗುತ್ತೆ. ನಮಗೆ ನೆನಪಾಗುವುದು ಊರವರೇ ಬಣ್ಣ ಹಚ್ಚಿ ಆಡುವ ಯೇಸುಸ್ವಾಮಿಯ ಪಾಡಿನ ನಾಟಕ. ಆ ವರ್ಷವೂ ಹೋದೆ. ಪೇತ್ರ ಬೆಂಕಿ ಕಾಯಿಸುತ್ತಾ ನಿಂತು, ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳುವ ದೃಶ್ಯ ಬಂತು. ಚಿಕ್ಕವನಿದ್ದಾಗಿಂದ ನೋಡಿದ ದೃಶ್ಯವೇ. ಕೋಳಿ ಕೂಗಿದಾಗ ಮಕ್ಕಳು ನಕ್ಕರು. ನನಗೆ ಅಲ್ಲಿ ಕೂರಲು ಆಗಲಿಲ್ಲ, ಎದ್ದು ಹೊರಗೆ ಬಂದೆ.

ಕತ್ತಲಲ್ಲಿ ನಿಂತು ಯೋಚಿಸಿದೆ. ಆ ರಾತ್ರಿ ತಪ್ಪಿದವರು ಇಬ್ಬರು. ಯೂದನಿಗೂ ಪಶ್ಚಾತ್ತಾಪ ಆಗಿತ್ತು, ಬೆಳ್ಳಿ ನಾಣ್ಯ ವಾಪಸ್ ಎಸೆದ. ಆದರೆ ತನಗೆ ಕ್ಷಮೆ ಇಲ್ಲ ಅಂತ ತಾನೇ ತೀರ್ಪು ಕೊಟ್ಟುಕೊಂಡು ದೂರ ಹೋದ. ಪೇತ್ರ ಬಿಕ್ಕಿ ಬಿಕ್ಕಿ ಅತ್ತ, ಆದರೂ ಉಳಿದವರ ಜೊತೆ ಇದ್ದ. ನಾನು ಸುಮ್ಮನಿದ್ದದ್ದು ನಾಚಿಕೆಯಿಂದ ಅಂದುಕೊಂಡಿದ್ದೆ. ಅದರಲ್ಲಿ ಅಹಂಕಾರವೂ ಇತ್ತು. ಮುಖ ತೋರಿಸಬೇಕಾಗುತ್ತೆ ಅನ್ನುವ ಭಯ ಅದು.

ಮಾರನೇ ದಿನವೇ ಪಾಪನಿವೇದನೆಗೆ ಹೋದೆ. ಎಲ್ಲ ಹೇಳಿದೆ. ಗುರುಗಳು ಬೈಯಲಿಲ್ಲ. "ದೇವರು ನಿನ್ನನ್ನ ಕ್ಷಮಿಸ್ತಾರೆ, ಅನುಮಾನ ಬೇಡ. ಆದ್ರೆ ಆ ಮನುಷ್ಯನ ಹೆಸರು ಇನ್ನೂ ಕೆಟ್ಟೇ ಇದೆಯಲ್ಲ, ಅದನ್ನ ಯಾರು ತೊಳೀಬೇಕು?" ಅಂದರು. ಜಕ್ಕಾಯನ ಕಥೆ ನೆನಪಿಸಿದರು. ಯೇಸುಸ್ವಾಮಿ ತನ್ನ ಮನೆಗೆ ಬಂದ ಸಂತೋಷಕ್ಕೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದವನು ಅವನು. ಮೊದಲು ಕರುಣೆ ಬಂತು, ಆಮೇಲೆ ಲೆಕ್ಕ ತೀರಿಸುವ ಧೈರ್ಯ ಬಂತು. ಮೂರು ಜಪ ಹೇಳಿ ಮುಗಿಸುವ ಪ್ರಾಯಶ್ಚಿತ್ತ ಸಿಗುತ್ತೆ ಅಂತ ಹೋಗಿದ್ದ ನನಗೆ, ಆ ಮನೆ ಬಾಗಿಲಿಗೆ ಹೋಗು ಅನ್ನುವ ಪ್ರಾಯಶ್ಚಿತ್ತ ಸಿಕ್ಕಿತು.

ಹೋದೆ. ಬೈಕ್ ಊರಾಚೆಯೇ ನಿಲ್ಲಿಸಿ ನಡೆದೆ. ಚಾಕಿ ಮನೆಯ ಅರ್ಧ ತಟ್ಟೆಗಳು ಖಾಲಿ ಇದ್ದವು. ಆ ಅಣ್ಣನಿಗೆ ನಾನು ಯಾರು ಅಂತ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಒಂದ್ ಫೋನ್ ಮಾಡಿ ಕೇಳ್ಬೋದಿತ್ತಲ್ಲಪ್ಪ. ಬೋರ್ಡ್ ಮೇಲೇ ನಂಬರ್ ಐತೆ" ಅಂದರು. ಅಷ್ಟೇ. ಕ್ಷಮಿಸಿದೆ ಅನ್ನಲಿಲ್ಲ. ಅಕ್ಕ ನೀರು ತಂದುಕೊಟ್ಟರು. ಆ ನೀರು ಗಂಟಲಲ್ಲಿ ಇಳಿಯಲಿಲ್ಲ.

ಡೆಸ್ಕಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ನಾಲ್ಕು ಸಾಲಿನ ತಿದ್ದುಪಡಿ ಬಂತು. ಮೂರು ಕಾಲಮ್ಮಿಗೆ ನಾಲ್ಕು ಸಾಲು. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಹಾಗಾಗಿ ಆ ಅಣ್ಣನ ಹತ್ತಿರ ಹುಳು ಬಿಟ್ಟಿದ್ದ ಮನೆಗಳ ಪಟ್ಟಿ ಕೇಳಿ ಪಡೆದೆ. ಹನ್ನೊಂದು ಮನೆ. ಒಂದೊಂದಕ್ಕೂ ಹೋಗಿ, ಜಗಲಿ ಮೇಲೆ ಕೂತು, "ಆ ಸುದ್ದಿ ಬರೆದವನು ನಾನೇ, ಅದು ಸುಳ್ಳು" ಅಂದೆ. ಮೊದಲ ಮನೆಯಲ್ಲಿ ನಾಲಿಗೆ ತಡವರಿಸಿತು. ಒಬ್ಬ ಅಜ್ಜ, "ಪೇಪರ್‌ನೋರು ಮನೆಗೆ ಬಂದು ತಪ್ಪಾಯ್ತು ಅನ್ನೋದ ಇದೇ ಮೊದ್ಲು ನೋಡ್ತಾ ಇರೋದು" ಅಂತ ನಕ್ಕರು. ಏಳು ಮನೆಯವರು ಮತ್ತೆ ಅಲ್ಲಿಂದಲೇ ಹುಳು ತಂದರು. ನಾಲ್ಕು ಮನೆಯವರು ಇವತ್ತಿಗೂ ಬೇರೆ ಕಡೆ ಹೋಗ್ತಾರೆ. ಆ ನಾಲ್ಕು ಮನೆಯ ನಷ್ಟ ನನ್ನ ಲೆಕ್ಕದಲ್ಲಿದೆ. ಅದನ್ನು ತುಂಬಿಕೊಡಲು ನನ್ನಿಂದ ಆಗಿಲ್ಲ.

ಪೇತ್ರನ ಕಥೆ ಕೋಳಿ ಕೂಗಿದಲ್ಲಿಗೆ ಮುಗಿಯುವುದಿಲ್ಲ. ಪುನರುತ್ಥಾನದ ನಂತರ ಕೆರೆ ದಡದಲ್ಲಿ ಯೇಸುಸ್ವಾಮಿ ಅವನನ್ನು ಮೂರು ಸಲ ಕೇಳ್ತಾರೆ, ನನ್ನ ಮೇಲೆ ಪ್ರೀತಿ ಇದೆಯಾ ಅಂತ. ಅವನು ಅಲ್ಲಗಳೆದದ್ದೂ ಮೂರು ಸಲವೇ. ಪ್ರತಿ ಸಲ ಅವನು ಇದೆ ಅಂದಾಗಲೂ, ಹಾಗಾದರೆ ನನ್ನ ಕುರಿಗಳನ್ನು ನೋಡಿಕೋ ಅಂತ ಒಂದು ಕೆಲಸ ಒಪ್ಪಿಸ್ತಾರೆ. ನನಗೆ ಅರ್ಥವಾದದ್ದು ಇಷ್ಟು: ದೇವರ ಕರುಣೆ ಕೇಳಿದವನಿಗೆ ಸಿಗುತ್ತೆ, ಅದಕ್ಕೆ ಬೆಲೆ ಕಟ್ಟಬೇಕಿಲ್ಲ. ಆದರೆ ಅದು ಬರಿಗೈಲಿ ಬರಲ್ಲ, ಒಂದು ಕೆಲಸ ಹಿಡಿದುಕೊಂಡೇ ಬರುತ್ತೆ. ಆ ಕೆಲಸ ಸಾಮಾನ್ಯವಾಗಿ ನಾವು ನೋಯಿಸಿದವರ ಮನೆ ಬಾಗಿಲಲ್ಲೇ ಇರುತ್ತೆ.

ಆ ಭಾನುವಾರ ಪ್ರಸಾದಕ್ಕೆ ಎದ್ದೆ. ಅವ್ವ ಏನೂ ಕೇಳಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಇದನ್ನು ಫೋನಿನಲ್ಲಿ ಓದುತ್ತಿರುವ ನೀವು ಯಾವ ಧರ್ಮದವರಾದರೂ ಆಗಿರಿ, ಒಂದು ಮಾತು ಕೇಳ್ತೀನಿ. ಯಾರದೋ ಹೆಸರು ಕೆಡಿಸುವ ಸುದ್ದಿಯನ್ನು ನೀವೂ ಯಾವತ್ತಾದರೂ ಫಾರ್ವರ್ಡ್ ಮಾಡಿರಬಹುದು. ಅದು ಸುಳ್ಳು ಅಂತ ಆಮೇಲೆ ಗೊತ್ತಾಗಿಯೂ ಇರಬಹುದು. ಯಾರಿಗೆ ಕಳಿಸಿದಿರೋ ಅವರಿಗೆ ಇವತ್ತೇ ಒಂದು ಫೋನ್ ಮಾಡಿ. ಮೊದಲನೆಯದು ಬಹಳ ಕಷ್ಟ. ಎರಡನೆಯದು ಅಷ್ಟಿಲ್ಲ.