ಹಪ್ಪಳದ ಡಬ್ಬಿಯ ಲೆನ್ಸು

ಮಂಗಳವಾರ ಹೋಗಿದ್ದೆವು ಅನ್ನೋದು ಮಾತ್ರ ಗಟ್ಟಿಯಾಗಿ ನೆನಪಿದೆ. ಯಾವ ವರ್ಷ ಅಂತ ಕೇಳಿದರೆ ತಡವರಿಸುತ್ತೇನೆ. ವಾರ್ದಾ ಚಂಡಮಾರುತ ಚೆನ್ನೈಗೆ ಬಡಿದು ಹೋದ ಮುಂದಿನ ಮಳೆಗಾಲ ಇರಬೇಕು. ಯಾಕೆಂದರೆ ಗಿಂಡಿ ಉದ್ಯಾನದ ಗೋಡೆಯಾಚೆ ಬುಡಸಮೇತ ಕಿತ್ತು ಬಿದ್ದ ಮರದ ಬೊಡ್ಡೆಗಳು ಇನ್ನೂ ಕಾಣುತ್ತಿದ್ದವು, ಅವುಗಳ ಮೇಲೆ ಹಸಿರು ಬಳ್ಳಿ ಹಬ್ಬಿತ್ತು. ನಾನೂ ಭಾವನೂ ಎರಡು ಕ್ಯಾಮೆರಾ, ನಾಲ್ಕು ಲೆನ್ಸು, ಒಂದು ಛತ್ರಿ, ಅಕ್ಕ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿ ಹೊತ್ತು ಮಕ್ಕಳ ಉದ್ಯಾನದ ಬಾಗಿಲಿಗೆ ಹೋಗಿ ನಿಂತರೆ ಬಾಗಿಲು ಹಾಕಿದೆ. ಮಂಗಳವಾರ ರಜೆ. ಪಕ್ಕದ ಹಾವಿನ ಉದ್ಯಾನಕ್ಕೂ ಅಂದೇ ರಜೆ.

"ಮೂವತ್ತು ವರ್ಷದಿಂದ ಇಲ್ಲೇ ಇದೀರಿ ಭಾವ, ನಿಮಗೆ ಗೊತ್ತಿರಲಿಲ್ವ?"

"ಗೊತ್ತಿತ್ತು. ಇವತ್ತು ಮಂಗಳವಾರ ಅಂತ ಗೊತ್ತಿರಲಿಲ್ಲ."

ನಮ್ಮ ಭಾವ ಅಂದರೆ ಹೀಗೆ. ಮಿಲಿಮೀಟರಿನ ನೂರನೇ ಭಾಗ ತಪ್ಪಿದರೆ ಅವರಿಗೆ ಆ ದಿನ ಊಟ ಸೇರುವುದಿಲ್ಲ, ವಾರ ತಪ್ಪಿದರೆ ಪರವಾಗಿಲ್ಲ. ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಟೂಲ್‌ರೂಮೊಂದರಲ್ಲಿ ಜೀವಮಾನ ಸವೆಸಿದವರು. ನಿವೃತ್ತಿಯಾದ ಮೇಲೂ ಅಂಗಿ ಜೇಬಿನಲ್ಲಿ ಪೆನ್ನು ಇರುತ್ತದೋ ಇಲ್ಲವೋ, ವರ್ನಿಯರ್ ಕ್ಯಾಲಿಪರ್ ಇರುತ್ತದೆ. ಅಕ್ಕ ಲಟ್ಟಿಸಿದ ಚಪಾತಿಯ ದಪ್ಪ ಅಳೆದು ಒಮ್ಮೆ ಬೈಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ನಾನು ತೀರ್ಥಹಳ್ಳಿಯಿಂದ ಚೆನ್ನೈಗೆ ಹೋಗಿದ್ದಕ್ಕೆ ಕಾರಣ ನನ್ನ ಬಲಭುಜ. ಹಳೇ ಡಿಎಸ್‌ಎಲ್‌ಆರ್, ಅದರ ದೊಡ್ಡ ಲೆನ್ಸು, ಟ್ರೈಪಾಡು ಎಲ್ಲ ಸೇರಿ ಐದು ಕಿಲೋ ಹೊತ್ತು ಹಕ್ಕಿ ಹಿಂದೆ ಗುಡ್ಡ ಹತ್ತಿ ಇಳಿದು ಭುಜ ಸೋತಿತ್ತು. ಡಾಕ್ಟರು, "ಭಾರ ಹೊರಬೇಡಿ" ಅಂದರು. ಕ್ಯಾಮೆರಾ ಬಿಡಿ ಅಂತ ಅವರು ಹೇಳಲಿಲ್ಲ, ಅದೊಂದು ಪುಣ್ಯ. ಭಾವನಿಗೆ ಫೋನ್ ಮಾಡಿದೆ. "ಕನ್ನಡಿ ಇಲ್ಲದ್ದು ತಗೋ ಮಾರಾಯ. ಇಲ್ಲಿಗೆ ಬಾ, ನನ್ನ ಗೆಳೆಯರೊಬ್ಬರ ಹತ್ತಿರ ಎರಡು ಬಗೆಯದೂ ಇದೆ, ಎರವಲು ತರ್ತೀನಿ. ಗಿಂಡಿಯ ಜಿಂಕೆ ತೆಗೆದು, ಕೈಯಲ್ಲಿ ಹಿಡಿದು ನೋಡಿಯೇ ತಗೊಳ್ಳುವ" ಅಂದರು.

ಬಾಗಿಲು ಹಾಕಿದ ಆ ಮಂಗಳವಾರ ಮನೆಗೆ ವಾಪಸು ಬಂದು ಕೂತದ್ದೇ ನಿಜವಾದ ಪಾಠವಾಯಿತು. ಹೊರಗೆ ಕಾರ್ತಿಕದ ಮಳೆ. ನಮ್ಮ ಮಲೆನಾಡಿನ ಜಡಿಮಳೆಯ ಹಾಗಲ್ಲ ಅದು. ಸಮುದ್ರದಿಂದ ಎದ್ದು ಬಂದು ಧಡಧಡ ಸುರಿದು, ಏನೂ ನಡೆದೇ ಇಲ್ಲ ಎಂಬಂತೆ ನಿಂತುಬಿಡುತ್ತದೆ, ಆಮೇಲೆ ಸೆಕೆ. ಅಕ್ಕ ಹಲಸಿನ ಹಪ್ಪಳ ಕರಿಯುತ್ತಿದ್ದಳು. ಹಲಸು ನಮ್ಮೂರಿನದೇ, ನಾನೇ ಹೊತ್ತು ತಂದಿದ್ದೆ.

ಭಾವ ಬೀರುವಿನಿಂದ ತಮ್ಮ ಹಳೇ ಒಲಿಂಪಸ್ ಓಎಂ-10 ತೆಗೆದರು. ಎಂಬತ್ತರ ದಶಕದಲ್ಲಿ ಬರ್ಮಾ ಬಜಾರಿನಲ್ಲಿ ಕೊಂಡದ್ದು. ಆ ಕಾಲಕ್ಕೆ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಕಪ್ಪು-ಬಿಳುಪು ರೀಲು ಹಾಕಿ ಅಕ್ಕನ ಸೀಮಂತದ ಪಟ ತೆಗೆದಿದ್ದರಂತೆ. ಲೆನ್ಸು ಬಿಚ್ಚಿ, ಮೂತಿಯ ಉಂಗುರದಿಂದ ಫಿಲ್ಮು ಕೂರುವ ಜಾಗದವರೆಗೆ ವರ್ನಿಯರಿನ ಕಡ್ಡಿ ಇಳಿಸಿದರು. "46 ಮಿಲಿಮೀಟರ್. ಯಾಕೆ ಇಷ್ಟು? ಮಧ್ಯದಲ್ಲಿ ಕನ್ನಡಿ ಎದ್ದು ಬೀಳೋಕೆ ಜಾಗ ಬೇಕಲ್ಲ, ಅದಕ್ಕೆ." ಆಮೇಲೆ ಎರವಲು ತಂದ ಪುಟ್ಟ ಕ್ಯಾಮೆರಾ ತೋರಿಸಿದರು. ಅದರ ಒಳಗೆ ಕಡ್ಡಿ ಬಿಡಲು ಅವರಿಗೂ ಧೈರ್ಯ ಬರಲಿಲ್ಲ. "ಇದರದ್ದು 19.25. ಕನ್ನಡಿ ತೆಗೆದರು, ಲೆನ್ಸು ಹಿಂದೆ ಸರಿದು ಸೆನ್ಸರಿನ ಹತ್ತಿರ ಕೂತಿತು, ಕ್ಯಾಮೆರಾ ತೆಳ್ಳಗಾಯಿತು. ಉಳಿದ ಸುಮಾರು 27 ಮಿಲಿಮೀಟರಿಗೆ ಒಂದು ಕೊಳವೆ ಹಾಕಿದರೆ ನನ್ನ ಮುದಿ ಲೆನ್ಸೂ ಇದಕ್ಕೆ ಕೂರುತ್ತೆ, ನೋಡು."

ಕೂತಿತು. ಆದರೆ ಅದರೊಳಗೆ ಜೇಡರ ಬಲೆಯಂಥ ಬಿಳಿ ಎಳೆ. ಬೂಷ್ಟು. ಮದ್ರಾಸಿನ ಹವೆಗೆ ಮುಚ್ಚಿದ ಬೀರುವಿನಲ್ಲಿಟ್ಟ ಲೆನ್ಸಿನ ಗತಿ ಅದೇ. ಮಲೆನಾಡಿನದೇನು ಕಡಿಮೆಯಲ್ಲ, ಆಷಾಢದಲ್ಲಿ ನಮ್ಮ ಮನೆ ಚಪ್ಪಲಿಗೂ ಬೂಷ್ಟು ಬರುತ್ತದೆ. ಅಕ್ಕ ಬಾಗಿಲಲ್ಲಿ ನಿಂತು, "ನನ್ನ ಹಪ್ಪಳದ ಡಬ್ಬಿಯಲ್ಲಿ ಇಟ್ಟಿದ್ದರೆ ಹೀಗಾಗ್ತಿತ್ತ?" ಅಂದಳು. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಪುಟ್ಟ ಕ್ಯಾಮೆರಾಗಳ ವಂಶದ ಹೆಸರು ಮೈಕ್ರೋ ಫೋರ್ ಥರ್ಡ್ಸ್. ಒಲಿಂಪಸ್, ಪ್ಯಾನಾಸೋನಿಕ್ ಇಬ್ಬರೂ ಸೇರಿ 2008ರಲ್ಲಿ ಶುರು ಮಾಡಿದ್ದು. ಸೆನ್ಸರಿನ ಅಳತೆ 17.3ಕ್ಕೆ 13 ಮಿಲಿಮೀಟರ್, ಹಳೇ ಫಿಲ್ಮಿನ ಚೌಕದ ಕಾಲು ಭಾಗ. ಅದರಿಂದ 300 ಮಿಲಿಮೀಟರಿನ ಲೆನ್ಸು 600ರ ಹಾಗೆ ದೂರದ್ದನ್ನು ಹತ್ತಿರ ಎಳೆಯುತ್ತದೆ. ಬೆಳಕು ಕಡಿಮೆಯಾದಾಗ ಚಿತ್ರ ರವೆ ರವೆಯಾಗುವುದೂ ಅದರಿಂದಲೇ. ಒಬ್ಬರ ಕ್ಯಾಮೆರಾ ಬಾಡಿಗೆ ಇನ್ನೊಬ್ಬರ ಲೆನ್ಸು ಕೂರುತ್ತದೆ, ಹಾಗಾಗಿ ಯಾವುದಕ್ಕೆ ಯಾವುದು ಅಂತ ತಲೆಕೆಡುತ್ತದೆ.

ಭಾವ ಅಡುಗೆಮನೆಯ ತಕ್ಕಡಿ ಹೊರಗೆ ತಂದರು. ಬಾಡಿಗಳಲ್ಲಿ ಒಂದು ಪ್ಯಾನಾಸೋನಿಕ್ ಜಿ7, ಇನ್ನೊಂದು ಒಲಿಂಪಸ್ ಇ-ಎಂ10 ಮಾರ್ಕ್ 2. ತೂಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಎರಡೂ ನಾನೂರು ಗ್ರಾಮಿನ ಆಸುಪಾಸು. ಜಿ7 ಕೈಗೆ ಚೆನ್ನಾಗಿ ಕೂರುತ್ತಿತ್ತು, ನನ್ನ ದಪ್ಪ ಬೆರಳಿಗೆ ಅದೇ ಹಿತ. ಅದನ್ನೇ ಆರಿಸಿ ಒಲಿಂಪಸ್‌ನ 75-300 ಲೆನ್ಸು ಹಾಕಿದೆ, ಅದು 423 ಗ್ರಾಮು, ಪ್ಯಾನಾಸೋನಿಕ್‌ನ 100-300ಕ್ಕಿಂತ ನೂರು ಗ್ರಾಮು ಹಗುರ.

"ಆಗಲ್ಲ," ಅಂದರು ಭಾವ.

"ಯಾಕೆ? ಕೂತಿದೆಯಲ್ಲ."

"ಕೂತರೆ ಆಯ್ತಾ? ಜಾತಕ ಕೂಡಬೇಡವ? ಒಲಿಂಪಸ್‌ನವರು ಕೈನಡುಕ ತಡೆಯೋದನ್ನ ಬಾಡಿಯಲ್ಲಿ ಇಟ್ಟಿದಾರೆ, ಲೆನ್ಸಿನಲ್ಲಿ ಇಲ್ಲ. ಜಿ7ನಲ್ಲಿ ಬಾಡಿಯೊಳಗೆ ಇಲ್ಲ, ಅವರದ್ದು ಲೆನ್ಸಿನಲ್ಲಿ. ನೀನು ಎರಡರಲ್ಲೂ ಇಲ್ಲದ್ದನ್ನೇ ಜೋಡಿ ಮಾಡಿದೀಯ. ಆರುನೂರರ ಎಳೆತಕ್ಕೆ ನಿನ್ನ ಸೋತ ಭುಜ. ಜಿಂಕೆ ಬದಲು ಭೂಕಂಪ ಬರುತ್ತೆ ಪಟದಲ್ಲಿ."

ಹಾಗೆ ಜೋಡಿ ಬದಲಾಯಿತು. ಒಲಿಂಪಸ್ ಬಾಡಿಗೆ 75-300, ಜಿ7ಗೆ ಅದರದ್ದೇ 100-300. ತಮ್ಮ ಗೋತ್ರದ ಲೆನ್ಸಾದರೆ ಜಿ7 ಫೋಕಸ್ಸನ್ನೂ ಚುರುಕಾಗಿ ಹಿಡಿಯುತ್ತದೆ ಅಂತ ಭಾವನ ಗೆಳೆಯರು ಹೇಳಿ ಕಳಿಸಿದ್ದರಂತೆ. ಜೊತೆಗೆ 190 ಗ್ರಾಮಿನ 40-150, 116 ಗ್ರಾಮಿನ 45. ಆ 45ರ ಲೆನ್ಸು ತಕ್ಕಡಿಯಲ್ಲಿ ಒಂದು ದೊಡ್ಡ ಈರುಳ್ಳಿಗೆ ಸಮ ಬಂತು. ನಾನು ನಕ್ಕೆ. ಜಿಂಕೆ ತೆಗೆಯುವವನಿಗೆ ಅದು ಯಾಕೆ ಅಂತ.

ಮರುದಿನ ಬಾಗಿಲು ತೆರೆದಿತ್ತು. ನಮಗೆ ಚೀಟಿ, ಕ್ಯಾಮೆರಾಗೆ ಬೇರೆ ಚೀಟಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಗಿಂಡಿ ರಾಷ್ಟ್ರೀಯ ಉದ್ಯಾನ ಅಂದರೆ ಊರ ನಡುವಿನ ಎರಡೂ ಮುಕ್ಕಾಲು ಚದರ ಕಿಲೋಮೀಟರಿನಷ್ಟು ಕುರುಚಲು ಕಾಡು. ಒಂದು ಕಡೆ ರಾಜ್ಯಪಾಲರ ನಿವಾಸ, ಇನ್ನೊಂದು ಕಡೆ ಐಐಟಿ, ಎದುರಿಗೆ ಬಸ್ಸುಗಳು ಹಾರನ್ ಹೊಡೆಯುವ ಸರ್ದಾರ್ ಪಟೇಲ್ ರಸ್ತೆ. ಒಳಗೆ ಚುಕ್ಕೆ ಜಿಂಕೆ, ಕೃಷ್ಣಮೃಗ. ಒಳಕಾಡಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಮ್ಮಂಥವರಿಗೆ ಅಂಚಿನ ಮಕ್ಕಳ ಉದ್ಯಾನವೇ ಗತಿ.

ಮೊದಲ ಹದಿನೈದು ನಿಮಿಷ ದಂಡವಾಯಿತು. ಬಂದದ್ದು ಎಸಿ ಕಾರಿನಲ್ಲಿ. ಇಳಿದ ಕೂಡಲೇ ಸಮುದ್ರದ ಹಸಿಗಾಳಿ ತಣ್ಣಗಿನ ಗಾಜಿಗೆ ತಾಗಿ ಎಲ್ಲ ಲೆನ್ಸೂ ಹೊಗೆಯಾಡಿದವು. ಒರೆಸಿದರೆ ಮತ್ತೆ ಮಂಜು. ಕಲ್ಲುಬೆಂಚಿನ ಮೇಲೆ ಲೆನ್ಸುಗಳನ್ನು ಸಾಲಾಗಿ ಇಟ್ಟು, ಅವು ಬೆಚ್ಚಗಾಗಲಿ ಅಂತ ಕಾಯುತ್ತ, ಬೆಳಿಗ್ಗೆ ಹತ್ತಕ್ಕೇ ಮೊಸರನ್ನ ಬಿಚ್ಚಿದೆವು. ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಕಾಯುವುದು ಅಷ್ಟೇನೂ ಕಷ್ಟವಾಗಲಿಲ್ಲ.

ಅಲ್ಲಿ ಕೂತಾಗಲೇ ಭಾವ ಎಂ. ಕೃಷ್ಣನ್ ಅವರ ವಿಷಯ ಎತ್ತಿದ್ದು ಅಂತ ಕಾಣುತ್ತದೆ. ಮನೆಯಲ್ಲೇ ಇರಬಹುದು, ಈಗ ಕಲಸಿಹೋಗಿದೆ. ಮದ್ರಾಸಿನ ಆ ಪ್ರಕೃತಿಪ್ರೇಮಿ ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಗೆ 1950ರಿಂದ 1996ರಲ್ಲಿ ತೀರಿಹೋಗುವವರೆಗೂ ಅಂಕಣ ಬರೆದವರು. ಅದಕ್ಕೂ ಮೊದಲು ನಮ್ಮ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ ಕೆಲವು ವರ್ಷ ಕೆಲಸದಲ್ಲಿದ್ದರು. ಆನೆ, ಕಾಟಿಗಳನ್ನು ಕಪ್ಪು-ಬಿಳುಪಿನಲ್ಲೇ ಹಿಡಿದ ಅವರ ಕ್ಯಾಮೆರಾ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಬೇರೆ ಬೇರೆ ಕಡೆಯ ಭಾಗಗಳನ್ನು ತಂದು ತಾವೇ ಜೋಡಿಸಿಕೊಂಡದ್ದು. ಅದಕ್ಕೆ 'ಸೂಪರ್ ಪಾಂಡರೋಸಾ' ಅಂತ ತಾವೇ ತಮಾಷೆಯ ಹೆಸರಿಟ್ಟಿದ್ದರು, ಅಷ್ಟು ಭಾರ. "ಅವರಿಗೆ ಏನು ಬೇಕು ಅಂತ ಗೊತ್ತಿತ್ತು, ಜೋಡಿಸ್ಕೊಂಡರು. ನಿನಗೆ ಜೋಡಿಸಿ ಕೊಟ್ಟರೂ ಏನು ಬೇಕು ಅಂತ ಗೊತ್ತಿಲ್ಲ" ಅಂದರು ಭಾವ, ಬೆರಳು ನೆಕ್ಕುತ್ತ.

ಮಂಜು ಹೋಯಿತು. ಬೇಲಿಯಾಚೆ ಬಯಲಿನಲ್ಲಿ ಕೃಷ್ಣಮೃಗದ ಗಂಡು ನಿಂತಿತ್ತು, ತಿರುಚಿದ ಕೊಂಬು, ಕಪ್ಪು ಬೆನ್ನು, ಸುಣ್ಣ ಬಳಿದ ಹಾಗೆ ಹೊಟ್ಟೆ. ದೊಡ್ಡ ಲೆನ್ಸನ್ನು ತಂತಿಗೆ ಆನಿಸಿ ಪೂರ್ತಿ ತೆರೆದರೆ ಬೇಲಿಯೇ ಪಟದಿಂದ ಮಾಯ. ಕಣ್ಣಿನ ರೆಪ್ಪೆ ಎಣಿಸುವ ಹಾಗೆ ಬಂತು. ಎರಡು ಜೋಡಿಯೂ ಪಾಸು. "ಮುಗೀತು ಭಾವ, 75-300 ತಗೊಂಡೆ" ಅಂದೆ.

"ಮರದ ಕೆಳಗೆ ಬಾ," ಅಂದರು.

ಮಧ್ಯಾಹ್ನಕ್ಕೆ ಮೋಡ ಕವಿದಿತ್ತು. ದೊಡ್ಡ ಮರಗಳ ಅಡಿಯಲ್ಲಿ ಚುಕ್ಕೆ ಜಿಂಕೆಗಳು ಮೇಯುತ್ತಿದ್ದವು. ಅದೇ ಲೆನ್ಸಿನ ಪೂರ್ತಿ ಎಳೆತದಲ್ಲಿ ಎಫ್ 6.7ಕ್ಕಿಂತ ದೊಡ್ಡದಾಗಿ ಕಣ್ಣು ತೆರೆಯುವುದಿಲ್ಲ. ಐಎಸ್‌ಒ 1600ಕ್ಕೆ ಏರಿಸಿದರೂ ಷಟರು ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕೆ ಬಂದು ನಿಂತಿತು. ನನ್ನ ಕೈಯ ನಡುಕವನ್ನು ಬಾಡಿ ಹಿಡಿಯಿತು, ನಿಜ. ಕಿವಿ ಒದರುವ ಜಿಂಕೆಯನ್ನು ಹಿಡಿಯುವವರು ಯಾರು? ಮರ ಚೊಕ್ಕ ಬಂತು, ಜಿಂಕೆಗೆ ನಾಲ್ಕು ಕಿವಿ. ಭಾವ ಆ ಈರುಳ್ಳಿ ಲೆನ್ಸು ಹಾಕಿಕೊಟ್ಟರು. ಎಫ್ 1.8. ಲೆಕ್ಕ ಹಾಕಿದರೆ ಹದಿನಾಲ್ಕು ಪಟ್ಟು ಬೆಳಕು, ಷಟರು ಎಂಟುನೂರರ ಹತ್ತಿರ ಹೋಯಿತು. ಅಲ್ಲಿಯ ಜಿಂಕೆಗಳಿಗೆ ಜನರ ಭಯ ಕಡಿಮೆ, ಹತ್ತು ಹದಿನೈದು ಅಡಿಗೆ ಬರುತ್ತವೆ.

"ನಿಮ್ಮೂರಲ್ಲಿ ಬಯಲು ಜಾಸ್ತಿಯೋ ಮರ ಜಾಸ್ತಿಯೋ?" ಅಂತ ಕೇಳಿದರು.

ನಾನು ಉತ್ತರ ಕೊಡಲಿಲ್ಲ. ನಮ್ಮ ಮನೆ ಹಿತ್ತಲಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಅಡಿಕೆ ತೋಟದೊಳಗೆ ಲೈಟು ಬೇಕು ಅನ್ನಿಸುತ್ತದೆ. ಬಯಲಿನ ಕೃಷ್ಣಮೃಗ ನೋಡಿ ಲೆನ್ಸು ಆರಿಸಿ ಮಲೆನಾಡಿಗೆ ಒಯ್ದಿದ್ದರೆ ಅದು ಬೀರುವಿನಲ್ಲೇ ಬೂಷ್ಟು ಹಿಡಿಯುತ್ತಿತ್ತು.

ಆ ಉತ್ಸಾಹದಲ್ಲಿ ಹಾವಿನ ಉದ್ಯಾನಕ್ಕೂ ಅದೇ 45 ಹಿಡಿದು ನುಗ್ಗಿದೆ. ರೊಮುಲಸ್ ವಿಟೇಕರ್ ಕಟ್ಟಿದ ಜಾಗ ಅದು. ಗಾಜಿನ ಪೆಟ್ಟಿಗೆಯಲ್ಲಿ ನಾಗರ ಸುತ್ತಿಕೊಂಡು ಮಲಗಿತ್ತು. ಗಾಜಿಗೆ ಮೂತಿ ಒತ್ತಿದರೆ ಪ್ರತಿಬಿಂಬ ಬೀಳುವುದಿಲ್ಲ, ಆದರೆ ಈ ಲೆನ್ಸಿಗೆ ಅರ್ಧ ಮೀಟರ್ ದೂರ ಬೇಕೇ ಬೇಕು, ಒತ್ತಿದರೆ ಹಾವು ಮಸುಕು. ಹಿಂದೆ ಸರಿದೆ. ಫೋಕಸ್ ಬಂತು, ಜೊತೆಗೆ ನನ್ನ ಮುಖವೂ ಬಂತು, ಹಿಂದೆ ಛತ್ರಿ ಹಿಡಿದ ಭಾವನೂ. ಆ ಪಟ ಈಗಲೂ ಇದೆ. ಭಾವನ ನೆತ್ತಿಯ ಮೇಲೆ ನಾಗರ ಸುತ್ತಿ ಕೂತ ಹಾಗೆ ಕಾಣುತ್ತದೆ. ಅಕ್ಕ ಅದಕ್ಕೆ ಚೌಕಟ್ಟು ಹಾಕಿಸಿದ್ದಾಳೆ.

ಹೊರಗೆ ಬರುವಾಗ ಮಳೆ ಹಿಡಿಯಿತು. ಆ ಎರಡು ಬಾಡಿಗಳಿಗೂ ಮಳೆ ತಡೆಯುವ ರಕ್ಷಣೆ ಇಲ್ಲ. ಅದೂ ಎರವಲಿನ ಮಾಲು. ನಾವು ನೆನೆದೆವು, ಛತ್ರಿ ಚೀಲಕ್ಕೆ ಹಿಡಿದೆವು, ಮೊಸರನ್ನದ ಖಾಲಿ ಡಬ್ಬಿಯೊಳಗೆ ಎರಡು ಲೆನ್ಸು ಹೋದವು. ಡಬ್ಬಿ ತೊಳೆದಿದ್ದೆವೋ ಇಲ್ಲವೋ ನೆನಪಿಲ್ಲ, ಆ ಗೆಳೆಯರು ಓದದಿರಲಿ. ರಸ್ತೆ ಬದಿ ತಳ್ಳುಗಾಡಿಯಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ ತಿಂದು, ಡಬರಾ ಲೋಟದ ಕಾಫಿ ಕುಡಿದು ಮನೆ ಸೇರಿದೆವು.

ಕೊನೆಗೆ ನಾನು ಕೊಂಡದ್ದು ಇ-ಎಂ10, ಜೊತೆಗೆ 45 ಮತ್ತು 40-150. ಮೂರೂ ಸೇರಿ ಏಳುನೂರು ಗ್ರಾಮು, ತೀರ್ಥಹಳ್ಳಿ ಸಂತೆಯಲ್ಲಿ ಅಷ್ಟು ತೂಕದ ಬದನೆಕಾಯಿಯನ್ನು ಯೋಚನೆಯಿಲ್ಲದೆ ಹಿಡಿದು ಬರುತ್ತೇನೆ. ದೂರದ ಹಕ್ಕಿ ಈಗ ಪಟದಲ್ಲಿ ಚಿಕ್ಕದಾಗಿಯೇ ಬರುತ್ತದೆ. ಆಸೆ ಇಲ್ಲ ಅಂದರೆ ಸುಳ್ಳು.

ಹೊರಡುವಾಗ ಅಕ್ಕ ಬಿಗಿಮುಚ್ಚಳದ ಒಂದು ಹಪ್ಪಳದ ಡಬ್ಬಿ ಕೈಗಿಟ್ಟಳು. ಒಳಗೆ ನೀಲಿ ಸಿಲಿಕಾ ಜೆಲ್ಲಿನ ಪೊಟ್ಟಣ. "ಬಣ್ಣ ಗುಲಾಬಿಗೆ ತಿರುಗಿದರೆ ನೀರು ಕುಡಿದಿದೆ ಅಂತ. ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತೆ. ಅಡಿಗೆ ಬಾಣಲೆ ಮುಟ್ಟಬೇಡ, ವಿಷ ಅದು, ಬೇರೆ ಹಳೇ ಬಾಣಲೆ ಇಟ್ಟುಕೋ." ಲೆನ್ಸುಗಳು ಅಂದಿನಿಂದ ಅದರಲ್ಲೇ ಇವೆ. ಮೂಗಿಗೆ ಹಿಡಿದರೆ ಸ್ವಲ್ಪ ಹಲಸಿನ ಹಪ್ಪಳದ ವಾಸನೆ. ಇವತ್ತು ಮುಚ್ಚಳ ತೆಗೆದೆ, ಜೆಲ್ಲು ಗುಲಾಬಿಯಾಗಿದೆ. ಹೊರಗೆ ಎಂಟು ದಿನದಿಂದ ಮಳೆ ಬಿಟ್ಟಿಲ್ಲ, ಹಳೇ ಬಾಣಲೆ ಹುಡುಕಬೇಕು.