ಫೈಲುಗಳಿಗೆ ಬೀಗ ಬಿದ್ದ ಮಳೆಗಾಲ

2020ರ ಜುಲೈ. ಎಸ್ಸೆಸ್ಸೆಲ್ಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಾಕ್‌ಡೌನ್ ಸಡಿಲವಾದ ಮೇಲೆ ಮತ್ತೆ ಬಾಗಿಲು ತೆಗೆದಿದ್ದೆ. ಬಾಡಿಗೆ ಬಾಕಿ ಇತ್ತು. ಅಂಗಡಿಯಲ್ಲಿ ಎರಡು ಕಂಪ್ಯೂಟರ್, ಎರಡೂ ಸೆಕೆಂಡ್ ಹ್ಯಾಂಡ್. ಒಂದು ಕೋರ್ 2 ಡ್ಯುಯೊ, 2 ಜಿಬಿ ಮೆಮೊರಿಯದು. ಇನ್ನೊಂದು ಅದಕ್ಕಿಂತ ಹಳೆಯ ಪೆಂಟಿಯಂ 4, 1 ಜಿಬಿಯದು. ಎರಡರಲ್ಲೂ ವಿಂಡೋಸ್ 7 ಇತ್ತು. ಅದರ ಸುರಕ್ಷತಾ ಅಪ್‌ಡೇಟ್‌ಗಳು ಅದೇ ವರ್ಷ ಜನವರಿ 14ಕ್ಕೆ ನಿಂತಿದ್ದವು. ಹೊಸ ಕಂಪ್ಯೂಟರ್ ಕೊಳ್ಳುವ ಶಕ್ತಿ ನನಗಿರಲಿಲ್ಲ.

ಒಂದು ಬೆಳಿಗ್ಗೆ ಒಂದು ಲಗ್ನಪತ್ರಿಕೆಯ ಫೈಲ್ ತೆರೆಯಲಿಲ್ಲ. ಪಕ್ಕದ್ದೂ ತೆರೆಯಲಿಲ್ಲ. ನೋಡಿದರೆ ಎಲ್ಲ ಫೈಲುಗಳ ಹೆಸರಿನ ಕೊನೆಗೆ ಗುರುತಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡಿದ್ದವು. ಪ್ರತಿ ಫೋಲ್ಡರಿನಲ್ಲೂ ಇಂಗ್ಲಿಷಿನ ಒಂದು ಚೀಟಿ ಇತ್ತು. ಫೈಲುಗಳಿಗೆ ಬೀಗ ಹಾಕಿದ್ದೇವೆ, ಕೀಲಿಗೆ 980 ಡಾಲರ್, 72 ಗಂಟೆಯೊಳಗೆ ಬಂದರೆ 490 ಎಂದು ಬರೆದಿತ್ತು. ಎರಡು ಕಂಪ್ಯೂಟರಿಗೂ ಕೇಬಲ್ ಎಳೆದು ಒಂದೇ ಫೋಲ್ಡರ್ ಹಂಚಿಕೊಂಡಿದ್ದೆ. ಎರಡರಲ್ಲೂ ಅದೇ ಗತಿ.

ನನ್ನ ಕೈ ನಡುಗುತ್ತಿತ್ತು. ಮೊದಲು ನೆನಪಾಗಿದ್ದು ಒಬ್ಬ ನಿವೃತ್ತ ಮೇಷ್ಟ್ರು. ತಮ್ಮ ಊರಿನ ಚರಿತ್ರೆಯನ್ನು ವರ್ಷಗಟ್ಟಲೆ ಕೂತು ಬರೆದವರು. ಅದರ ಟೈಪಿಂಗ್ ಮುಗಿದು, ಎರಡನೇ ಕರಡು ತಿದ್ದಿ ಆಗಿತ್ತು. ಅದು ಪೂರ್ತಿ ಹೋಗಿತ್ತು.

ಎದುರು ಮನೆಯ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದ. ಕಾಲೇಜು ಮುಚ್ಚಿದ್ದರಿಂದ ಊರಲ್ಲೇ ಇದ್ದ. ಬಂದು ನೋಡಿದ. ಮೊದಲು ಎರಡೂ ಕಂಪ್ಯೂಟರಿನ ಕೇಬಲ್ ಕಿತ್ತ. ಇಂಥ ಬೀಗಗಳಿಗೆ ಕೆಲವೊಮ್ಮೆ ಉಚಿತವಾಗಿ ಕೀಲಿ ಸಿಗುತ್ತದೆ, ಯೂರೋಪಿನ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ ‘ನೋ ಮೋರ್ ರಾನ್ಸಮ್’ ಎಂಬ ವ್ಯವಸ್ಥೆ ಇದೆ ಎಂದ. ಅಲ್ಲಿ ಪರೀಕ್ಷಿಸಿದ. ನಮ್ಮ ಬೀಗಕ್ಕೆ ಕೀಲಿ ಇರಲಿಲ್ಲ. "ಅಕ್ಕ, ದುಡ್ಡು ಕೊಡ್ಬೇಡಿ. ಕೊಟ್ರೂ ಫೈಲ್ ಬರುತ್ತೆ ಅಂತ ಗ್ಯಾರಂಟಿ ಇಲ್ಲ" ಎಂದ. ಕೊಡಲು ನನ್ನ ಹತ್ತಿರ ಇರಲೂ ಇಲ್ಲ.

ಮೇಷ್ಟ್ರ ಮನೆಗೆ ಹೋದೆ. ಹೇಳುವಾಗ ಗಂಟಲು ಕಟ್ಟಿತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ತಿದ್ದಿದ ಕರಡಿನ ಕಟ್ಟು ತಂದು ಕೊಟ್ಟರು. "ಹಾಳೆ ಇದೆಯಲ್ಲಮ್ಮ. ಮತ್ತೆ ಟೈಪ್ ಮಾಡು. ನನಗೆ ಅವಸರ ಇಲ್ಲ" ಎಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಅಂಗಡಿ ಮುಚ್ಚುವ ಯೋಚನೆಯೂ ಬಂತು. ಬೇರೆ ಕೆಲಸ ನನಗೆ ಬರುತ್ತಿರಲಿಲ್ಲ. ಆ ಹುಡುಗನೇ ವಿಂಡೋಸ್ ಬದಲು ಲಿನಕ್ಸ್ ಹಾಕೋಣ ಎಂದ. ದುಡ್ಡು ಕೊಡಬೇಕಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ, ಅಪ್‌ಡೇಟ್ ಸಿಗುತ್ತದೆ ಎಂದ. ನನಗೆ ಹೆಸರು ಮಾತ್ರ ಗೊತ್ತಿತ್ತು.

ಲಿನಕ್ಸ್‌ನ ಹಲವು ಬಗೆಗಳಲ್ಲಿ ಯಾವುದನ್ನು ಹಾಕುವುದು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಆ ಏಪ್ರಿಲ್‌ನಲ್ಲಿ ಬಂದಿದ್ದ ಉಬುಂಟು 20.04ಕ್ಕೆ 4 ಜಿಬಿ ಮೆಮೊರಿ ಇದ್ದರೆ ಒಳ್ಳೆಯದು ಎಂದಿತ್ತು. ಅದನ್ನು ಬಿಟ್ಟೆವು. ಜೂನ್‌ನಲ್ಲಿ ಬಂದಿದ್ದ ಲಿನಕ್ಸ್ ಮಿಂಟ್ 20 ಬರೀ 64 ಬಿಟ್‌ನದು. ಕೋರ್ 2 ಡ್ಯುಯೊಗೆ ಅದು ಹೊಂದುತ್ತಿತ್ತು. ಅದರಲ್ಲೇ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿದೆವು. ನಮ್ಮ ಪೆಂಟಿಯಂ 4 ಮಾತ್ರ 32 ಬಿಟ್‌ನದು. ಅದಕ್ಕೆ ಡೆಬಿಯನ್ ಆಧಾರದ ಆಂಟಿಎಕ್ಸ್ ಎಂದು ತೀರ್ಮಾನಿಸಿದೆವು.

ಮಳೆ ಜೋರಾಗಿತ್ತು. ನೆಟ್ ಬಂದು ಬಂದು ಹೋಗುತ್ತಿತ್ತು. ಹುಡುಗ ತನ್ನ ಲ್ಯಾಪ್‌ಟಾಪ್‌ನಲ್ಲಿ ರಾತ್ರಿ ಹೊತ್ತು ಡೌನ್‌ಲೋಡ್ ಹಾಕಿಡುತ್ತಿದ್ದ. ಇಳಿದ ಫೈಲ್ ಸರಿ ಇದೆಯೇ ಎಂದು ಚೆಕ್‌ಸಮ್ ಹೋಲಿಸಿ ನೋಡಿದ. ಮೊದಲ ಸಲ ಹೊಂದಲಿಲ್ಲ. ಮತ್ತೆ ಇಳಿಸಿದ. ಬೀಗ ಬಿದ್ದ ಹಾರ್ಡ್ ಡಿಸ್ಕ್‌ಗಳನ್ನು ಬಿಚ್ಚಿ ತೆಗೆದಿಟ್ಟೆವು. ಮುಂದೆ ಎಂದಾದರೂ ಕೀಲಿ ಸಿಗಬಹುದೆಂಬ ಆಸೆ ಇತ್ತು. ಬೇರೆ ಹಳೆಯ ಡಿಸ್ಕ್‌ಗಳನ್ನು ರಿಪೇರಿ ಅಂಗಡಿಯಿಂದ ಕಡಿಮೆ ಬೆಲೆಗೆ ತಂದೆ.

ಮಿಂಟ್ ಅನ್ನು ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿದೆವು. ಡಿಸ್ಕ್ ಮುಟ್ಟದೆ ಹಾಗೆ ನೋಡಲು ಆಗುತ್ತದೆ. ಕನ್ನಡ ಅಕ್ಷರ ಕಾಣಿಸಿತು. ಇನ್‌ಸ್ಟಾಲ್ ಕೊಟ್ಟೆವು. ಅರ್ಧಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಬಹಳ ಕಾಲವಾಗಿತ್ತು. ಕರೆಂಟ್ ಬಂದ ಮೇಲೆ ಕಪ್ಪು ಪರದೆ ಮಾತ್ರ ಬಂತು. ನಾನು ಹೊರಗೆ ಹೋಗಿ ನಿಂತೆ. ಹುಡುಗ ಏನೂ ಹೇಳದೆ ಮೊದಲಿನಿಂದ ಶುರು ಮಾಡಿದ. ಎರಡನೇ ಸಲ ಮುಗಿಯಿತು.

ಪೆಂಟಿಯಂ 4 ಹೆಚ್ಚು ಕಾಡಿತು. ಅದು ಪೆನ್‌ಡ್ರೈವ್‌ನಿಂದ ಬೂಟ್ ಆಗಲಿಲ್ಲ. ಡಿವಿಡಿ ಬರೆಯಬೇಕಾಯಿತು. ಆಂಟಿಎಕ್ಸ್ ಕೂತಿತು, ಅಪ್‌ಡೇಟ್ ಮಾತ್ರ ಆಗಲಿಲ್ಲ. ಯಾವ ಸರ್ವರನ್ನೂ ಅದು ನಂಬುತ್ತಿರಲಿಲ್ಲ. ಕಾರಣ ಸಿಗದೆ ಒಂದು ಸಂಜೆ ಪೂರ್ತಿ ಹೋಯಿತು. ಕೊನೆಗೆ ಮೂಲೆಯಲ್ಲಿದ್ದ ತಾರೀಖು ಕಣ್ಣಿಗೆ ಬಿತ್ತು. ಇಸವಿ ಎಷ್ಟೋ ವರ್ಷ ಹಿಂದಿನದಿತ್ತು. ಮದರ್‌ಬೋರ್ಡಿನ ಸಣ್ಣ ಸೆಲ್ ಸತ್ತಿತ್ತು. ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ತಾರೀಖು ತಪ್ಪಿದ್ದರೆ ಸುರಕ್ಷತಾ ಪ್ರಮಾಣಪತ್ರಗಳು ಹೊಂದುವುದಿಲ್ಲ. ವಾಚ್ ರಿಪೇರಿಯವರ ಹತ್ತಿರ ಅದೇ ನಂಬರಿನ ಸೆಲ್ ಇತ್ತು, ಸಿಆರ್2032. ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ಆಮೇಲೆ ಪ್ರಿಂಟರ್. ಕೊಟ್ಟ ಕೆಲಸ ಹೋಗುತ್ತಿತ್ತು, ದೀಪ ಮಿನುಗುತ್ತಿತ್ತು, ಹಾಳೆ ಬರುತ್ತಿರಲಿಲ್ಲ. ಆನ್ ಮಾಡಿದಾಗಲೆಲ್ಲ ಕಂಪ್ಯೂಟರಿನಿಂದ ಫರ್ಮ್‌ವೇರ್ ತೆಗೆದುಕೊಳ್ಳುವ ಬಗೆಯ ಲೇಸರ್ ಪ್ರಿಂಟರ್ ಅದು. ಆ ಫರ್ಮ್‌ವೇರ್ ಮುಕ್ತವಲ್ಲ. ಕಂಪನಿಯ ಪ್ಲಗಿನ್ ಬೇರೆಯಾಗಿ ಇಳಿಸಿಕೊಳ್ಳಬೇಕು. ಇದು ಗೊತ್ತಾಗುವವರೆಗೆ ಗಿರಾಕಿಗಳನ್ನು ವಾಪಸ್ ಕಳಿಸಿದೆ. ಕೆಲವರು ಮತ್ತೆ ಬರಲಿಲ್ಲ.

ಎಲ್ಲಕ್ಕಿಂತ ಕಷ್ಟವಾಗಿದ್ದು ಕನ್ನಡ. ನನ್ನ ಕೈ ಕಲಿತಿದ್ದು ನುಡಿ ತಂತ್ರಾಂಶದ ಕೀಲಿಮಣೆ. ಕಂಪ್ಯೂಟರ್ ಕೊಟ್ಟಿದ್ದು ಇನ್‌ಸ್ಕ್ರಿಪ್ಟ್ ಎಂಬ ಬೇರೆ ಕೀಲಿಮಣೆ. ಒಂದು ಸಾಲು ಹೊಡೆಯಲು ಕೀಲಿ ಹುಡುಕಬೇಕಿತ್ತು. ವರ್ಷಗಳ ಅಭ್ಯಾಸ ಕೆಲಸಕ್ಕೆ ಬಾರದಾಯಿತು. ಐಬಸ್ ಎಂಬ ತಂತ್ರಾಂಶಕ್ಕೆ ಎಂ17ಎನ್ ಎಂಬುದನ್ನು ಸೇರಿಸಿದರೆ ಕೆಜಿಪಿ ವಿನ್ಯಾಸ, ಅಂದರೆ ನುಡಿಯಲ್ಲಿ ನಾನು ಬಳಸುತ್ತಿದ್ದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ, ಸಿಗುತ್ತದೆಂದು ಆಮೇಲೆ ತಿಳಿಯಿತು. ಹಾಕಿದೆವು. ಕೆ, ಎಫ್, ಕೆ ಒತ್ತಿದೆ. ಪರದೆಯ ಮೇಲೆ ‘ಕ್ಕ’ ಬಂತು. ಆ ಹೊತ್ತಿಗೆ ಧೈರ್ಯ ಬಂತು.

ಪುಟ ಕಟ್ಟಲು ಬಳಸುತ್ತಿದ್ದ ಪೇಜ್‌ಮೇಕರ್ ಲಿನಕ್ಸ್‌ಗೆ ಇಲ್ಲ. ಲಿಬ್ರೆ ಆಫೀಸ್‌ನಲ್ಲೇ ಪುಟ ಕಟ್ಟುವುದನ್ನು ಕಲಿತೆ. ಗಿರಾಕಿಗಳ ಪೆನ್‌ಡ್ರೈವ್‌ನಲ್ಲಿ, ಹಳೆಯ ಇ-ಮೇಲ್‌ಗಳಲ್ಲಿ ಉಳಿದಿದ್ದ ಕೆಲವು ಕೆಲಸಗಳು ವಾಪಸ್ ಸಿಕ್ಕವು. ಅವು ನುಡಿಯ ಹಳೆಯ ಫಾಂಟ್‌ನಲ್ಲಿದ್ದವು. ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿದೆ. ಅರ್ಕಾವೊತ್ತು, ಒತ್ತಕ್ಷರ ಕೆಲವು ಕಡೆ ತಪ್ಪಿದ್ದವು. ಸಾಲು ಸಾಲಾಗಿ ಓದಿ ತಿದ್ದಿದೆ.

ಮೇಷ್ಟ್ರ ಪುಸ್ತಕವನ್ನು ಮತ್ತೆ ಮೊದಲಿನಿಂದ ಟೈಪ್ ಮಾಡಿದೆ. ಅಂಗಡಿ ಮುಚ್ಚಿದ ಮೇಲೆ ರಾತ್ರಿ ಕೂರುತ್ತಿದ್ದೆ. ಕುತ್ತಿಗೆ ನೋವು ಶುರುವಾಯಿತು, ಇನ್ನೂ ಪೂರ್ತಿ ಹೋಗಿಲ್ಲ. ಪುಸ್ತಕ ಮರುವರ್ಷ ಅಚ್ಚಾಯಿತು. ಟೈಪಿಂಗ್ ದುಡ್ಡನ್ನು ಮೇಷ್ಟ್ರು ಎರಡು ಸಲದ್ದೂ ಕೊಡಲು ಬಂದರು. ನಾನು ಒಂದು ಸಲದ್ದು ತೆಗೆದುಕೊಂಡೆ. ಬೀಗ ಬಿದ್ದ ಡಿಸ್ಕ್‌ಗಳು ಈಗಲೂ ಹಾಗೇ ಇವೆ. ಕೀಲಿ ಸಿಕ್ಕಿಲ್ಲ.

ಕೋರ್ 2 ಡ್ಯುಯೊ ಇಂದಿಗೂ ಮಿಂಟ್‌ನಲ್ಲಿ ಕೆಲಸ ಮಾಡುತ್ತಿದೆ. ಪೆಂಟಿಯಂ 4ಕ್ಕೆ ನೆಟ್ ಸಂಪರ್ಕ ತೆಗೆದಿದ್ದೇನೆ. 32 ಬಿಟ್‌ನ ಕಾಲ ಮುಗಿಯುತ್ತಾ ಬಂದಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್‌ ಪಿಸಿಯ ಇನ್‌ಸ್ಟಾಲರ್ ಇಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ವಿಂಡೋಸ್ 11 ಅನೇಕ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಈಗ ಜನ ನನ್ನ ಅಂಗಡಿಗೆ ಬಂದು ಏನು ಮಾಡಲಿ ಎಂದು ಕೇಳುತ್ತಾರೆ. ಲಿನಕ್ಸ್ ಸುಲಭ ಎಂದು ನಾನು ಹೇಳುವುದಿಲ್ಲ. ಅದಕ್ಕೆ ವೈರಸ್ಸೇ ಬರುವುದಿಲ್ಲ ಎಂದೂ ಹೇಳುವುದಿಲ್ಲ. ಆದರೆ ಗುಜರಿಗೆ ಹೋಗಬೇಕಿದ್ದ ಯಂತ್ರ ನನ್ನ ಮನೆಯನ್ನು ನಡೆಸಿತು. ಹಾಕುವವರು ಮೊದಲು ಪೆನ್‌ಡ್ರೈವ್‌ನಿಂದ ನಡೆಸಿ ನೋಡಿ. ಪ್ರಿಂಟರ್, ವೈಫೈ, ಕನ್ನಡ ಕೀಲಿಮಣೆ ಮೂರನ್ನೂ ಪರೀಕ್ಷಿಸಿ. ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆದಿಡಿ. ಅದಕ್ಕೂ ಮೊದಲು, ಇವತ್ತೇ, ನಿಮ್ಮ ಫೈಲುಗಳ ಇನ್ನೊಂದು ಪ್ರತಿ ಮಾಡಿ, ಕಂಪ್ಯೂಟರಿಗೆ ತಗುಲಿಸದೆ ಬೇರೆ ಕಡೆ ಇಡಿ.